ತುಕ್ಕೋ, ಅದಿರಿನ ದೂಳೋ

ಒಂಬತ್ತನೇ ಕಂತು

"ಮಷಿನ್ ನಿಲ್ಸಪ್ಪ ಸುಂಕಪ್ಪ. ನಿಲ್ಸು ಅಂದೆ!"

ಗ್ರೈಂಡರಿನ ಚಕ್ರ ಗೊಣಗುತ್ತ ನಿಂತಿತು. ಷೆಡ್ಡಿನ ತುಂಬ ಪೇಂಟಿನ ಪುಡಿ. ಗೋಡೆಯಾಚೆ ಜೀನ್ಸ್ ಹೊಲಿಯುವ ಯೂನಿಟ್ಟಿನ ಮಷಿನ್ನುಗಳು ಮಾತ್ರ ಒಂದೇ ಸಮ ಓಡುತ್ತಿದ್ದವು.

ಸಿದ್ದರಾಮೇಶ್ ಕಾರಿನ ಎಡಗಡೆಯ ಮುಂದಿನ ಫೆಂಡರಿನೆದುರು ಕುಕ್ಕರಗಾಲಿನಲ್ಲಿ ಕೂತ. ಬೆರಳ ಗೆಣ್ಣಿನಿಂದ ಬಡಿದು ನೋಡಿದ. ಚಕ್ರದ ಮೇಲ್ಭಾಗದಲ್ಲಿ ಟಣ್ ಎಂದಿತು. ಒಂದು ಗೇಣು ಮುಂದೆ, ಹೆಡ್‌ಲೈಟಿನ ಪಕ್ಕದಲ್ಲಿ, ಡಬ್ ಎಂದಿತು. ಮತ್ತೆ ಬಡಿದ. ಮತ್ತೆ ಡಬ್.

"ಇದು ಕಂಪನಿ ತಗಡಲ್ಲ," ಎಂದ.

ಸುಂಕಪ್ಪ ಕಣ್ಣಿನ ಮೇಲಿದ್ದ ಗಾಜನ್ನು ಹಣೆಗೇರಿಸಿ ಬಗ್ಗಿ ನೋಡಿದ. "ಯಾರೋ ತೇಪಿ ಹಾಕ್ಯಾರ್ರಿ ಸಾರ್. ಆದ್ರ ಟಿಂಕರ್ ಮಾಡಿದ್ದಲ್ಲ. ಗ್ಯಾಸ್ ವೆಲ್ಡಿಂಗ್ ಗುರ್ತು ಎಲ್ಲೂ ಇಲ್ಲ. ಅಂಚಿಗೆ ಸೀಸದ ಬೆಸಿಗಿ ಇಟ್ಟಾರ ನೋಡ್ರಿ. ಡಬ್ಬಿ ಬಾಯಿಗೆ ಇಡ್ತಾರಲ್ಲ, ಹಂಗ."

ಎಂಟು ತಿಂಗಳ ಹಿಂದೆ ಮಡಕಶಿರಾದ ಎಣ್ಣೆ ಮಿಲ್ಲೊಂದರ ಗೋದಾಮಿನಿಂದ ಲಾರಿಗೆ ಏರಿಸಿ ತಂದ ಕಾರು ಅದು. ಟೊಯೊಟಾ ಕರೋನಾ, ಎಪ್ಪತ್ತಮೂರನೇ ಇಸವಿಯದು. ಹೆಸರು ಕೇಳಿದವರೆಲ್ಲ ಮೂಗು ಮುಚ್ಚಿಕೊಂಡು ನಕ್ಕಿದ್ದರು. ಸಿದ್ದರಾಮೇಶ್ ನಕ್ಕಿರಲಿಲ್ಲ. ಮೂವತ್ತು ವರ್ಷ ಇನ್ಶೂರೆನ್ಸ್ ಸರ್ವೇಯರ್ ಆಗಿ ಅವನು ನುಜ್ಜುಗುಜ್ಜಾದ ಗಾಡಿಗಳನ್ನಷ್ಟೇ ನೋಡಿದ್ದ. ಯಾವ ತಗಡು ಎಲ್ಲಿ ಮಡಿಚಿದೆ, ಯಾಕೆ ಮಡಿಚಿದೆ ಎಂದು ಬರೆದು ಸಹಿ ಹಾಕಿದ್ದ. ಸಾಯುವ ಮೊದಲು ಒಂದೇ ಒಂದು ಗಾಡಿಯನ್ನಾದರೂ ಎಬ್ಬಿಸಿ ನಿಲ್ಲಿಸಬೇಕು ಅನ್ನುವುದು ಅವನ ಆಸೆ.

ಕೆಲಸ ಇಂಚಿಂಚಾಗಿ ಸಾಗಿತ್ತು. ಏರ್ ಫಿಲ್ಟರ್ ಬಿಚ್ಚಿದರೆ ಒಳಗೆ ಇಲಿ ಕಟ್ಟಿದ ಗೂಡು, ಗೂಡಿನ ತುಂಬ ಶೇಂಗಾ ಸಿಪ್ಪೆ. ಡ್ರೈವರ್ ಸೀಟು ಹಳಿಗೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಮೂರು ದಿನ ಡೀಸೆಲ್ ಕುಡಿಸಿದ ಮೇಲೆ ಅದು ಅಲುಗಿತು. ಕಾರ್ಬುರೇಟರಿನ ರಬ್ಬರುಗಳು ಚೆನ್ನೈಯಿಂದ ಬಂದವು. ಕ್ಲಚ್ ಪ್ಲೇಟು ಎಲ್ಲೂ ಸಿಗದೆ, ಬೇರೆ ಗಾಡಿಯದನ್ನು ಬಳ್ಳಾರಿಯ ಲೇತ್‌ನಲ್ಲಿ ತಿದ್ದಿಸಿ ಕೂರಿಸಿದರು. ಯುಗಾದಿಯ ಮರುದಿನ ಎಂಜಿನ್ ಕೆಮ್ಮಿ, ಕಪ್ಪಗೆ ಉಗುಳಿ, ಕೊನೆಗೆ ಓಡಿತು. ಅಂದು ಇಬ್ಬರೂ ಮಕ್ಕಳ ಹಾಗೆ ಕುಣಿದಿದ್ದರು.

ಉಳಿದದ್ದು ಬ್ರೇಕು, ಆಮೇಲೆ ಮೈ ಕೆಲಸ. ಅದರಲ್ಲೇ ಈ ತೇಪೆ ಸಿಕ್ಕಿತು.

"ಕಾಯ್ಸು," ಎಂದ ಸಿದ್ದರಾಮೇಶ್.

ಸುಂಕಪ್ಪ ಗ್ಯಾಸಿನ ಉರಿಯನ್ನು ಸಣ್ಣದು ಮಾಡಿ ಅಂಚಿನ ಸುತ್ತ ಹಿಡಿದ. ಸೀಸ ಕರಗಿ ಹನಿಹನಿಯಾಗಿ ಬಿತ್ತು. ಚಿಮಟದಿಂದ ಎಳೆದಾಗ ಅಂಗೈ ಎರಡರಷ್ಟಗಲದ ತಗಡು ಕಿತ್ತುಬಂತು. ತಿರುಗಿಸಿದರೆ ಹಿಂಬದಿಯಲ್ಲಿ ಹಳದಿ ಬಣ್ಣ, ಕೆಂಪು ತೆಲುಗು ಅಕ್ಷರ.

"ವೇರುಶನಗ ನೂನೆ," ಎಂದು ಸುಂಕಪ್ಪ ಓದಿದ. "ಶೇಂಗಾ ಎಣ್ಣಿ ಡಬ್ಬಿರಿ ಇದು!"

ಮೂಲೆಯಲ್ಲಿ ಮಿಲ್ಲಿನ ಹೆಸರು ಅರ್ಧ ಉಳಿದಿತ್ತು: ಮುದ್ದಪ್ಪ ಅಂಡ್... ಅದರ ಕೆಳಗೆ ನೀಲಿ ಮೊಹರು. ಡಬ್ಬಿ ತುಂಬಿದ ತಿಂಗಳು: ಮಾರ್ಚಿ ೨೦೦೪.

ಅಂದರೆ ತೇಪೆ ಬಿದ್ದದ್ದು ಅದಾದ ಮೇಲೆ. ಅದೂ ಗ್ಯಾರೇಜಿನಲ್ಲಲ್ಲ, ಮಿಲ್ಲಿನೊಳಗೇ, ಡಬ್ಬಿ ಬೆಸೆಯುವವನ ಕೈಯಿಂದ. ವಿದೇಶಿ ಕಾರನ್ನು ಮಗುವಿನ ಹಾಗೆ ನೋಡಿಕೊಳ್ಳುತ್ತಿದ್ದ ಮಿಲ್ಲಿನ ಮಾಲೀಕ ಮುದ್ದಪ್ಪ, ಅದರ ಮೂತಿಗೆ ಎಣ್ಣೆ ಡಬ್ಬಿಯ ತುಂಡು ಅಂಟಿಸಿದ್ದೇಕೆ? ಗ್ಯಾರೇಜಿಗೆ ಒಯ್ಯಲು ಅವನಿಗೆ ಇದ್ದ ಅಂಜಿಕೆ ಏನು?

"ಒಳಗೇನೋ ಐತ್ರಿ," ಎಂದ ಸುಂಕಪ್ಪ.

ತೇಪೆ ತೆಗೆದ ಸಂದಿಯಲ್ಲಿ, ಹೆಡ್‌ಲೈಟಿನ ಬಟ್ಟಲಿನ ಹಿಂದೆ ಏನೋ ಸಿಕ್ಕಿಕೊಂಡಿತ್ತು. ಸುಂಕಪ್ಪ ಎರಡು ಬೆರಳು ತೂರಿಸಿ ಹೊರಗೆಳೆದ. ಬಾಗಿದ ಸಣ್ಣ ತಗಡು ಬಿಲ್ಲೆ. ಎರಡು ತುದಿಗೂ ಮೊಳೆಯ ತೂತು. ಪ್ಯಾಂಟಿಗೆ ತಿಕ್ಕಿ ಬೆಳಕಿಗೆ ಹಿಡಿದ.

ಅಂಜಿನಿ ಸೈಕಲ್ ಷಾಪು. ನಂಬರು ೧೧.

ಬಾಡಿಗೆ ಸೈಕಲ್ಲುಗಳ ಮುಂದಿನ ಮಡ್‌ಗಾರ್ಡಿಗೆ ಹೊಡೆಯುತ್ತಿದ್ದ ಬಿಲ್ಲೆ. ಸಿದ್ದರಾಮೇಶ್ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಸುಂಕಪ್ಪ ನೆಲಕ್ಕೆ ಕುಸಿದು ಕೂತಿದ್ದ.

"ಏನಾತೋ?"

"ಸಾರ್..." ಸುಂಕಪ್ಪನ ದನಿ ಬದಲಾಗಿತ್ತು. "ಇದು ಪುಟ್ಟಕ್ಕನ ಸೈಕಲ್ಲು."

ಆ ಹೆಸರು ಸಿದ್ದರಾಮೇಶನಿಗೂ ಗೊತ್ತಿತ್ತು.

"ಓಬಳಾಪುರದ ಚಿನ್ನಕ್ಕನ ಮಗಳ್ರಿ. ಹತ್ತೊಂಬತ್ತು ವರ್ಷದಾಕಿ. ಪ್ಯಾಂಟಿಗೆ ಗುಂಡಿ ಹಚ್ಚಾ ಕೆಲ್ಸ ತಗೊಂಡು ಹೋಗ್ತಿದ್ಲು. ಆವತ್ತು ಸಂಜಿಗೆ ಅಂಜಿನಿ ಷಾಪಿನ ಹನ್ನೊಂದನೇ ನಂಬರ್ ಬಾಡಿಗಿ ಸೈಕಲ್ ಮ್ಯಾಲ ಹೊಂಟಿದ್ಲು. ಓಬಳಾಪುರದ ತಿರುವಿನಾಗ ಅದಿರು ಲಾರಿ ಹೊಡೀತು ಅಂದ್ರು. ಆ ಲಾರಿ ಡ್ರೈವರ್ ನಮ್ಮಣ್ಣ ರೀ. ಓಬುಲೇಶ್."

ಸಿದ್ದರಾಮೇಶ್ ಗೋಡೆಗೆ ಒರಗಿದ. ಎಂಟು ತಿಂಗಳು ಈ ಮನುಷ್ಯನ ಜೊತೆ ಒಂದೇ ತಟ್ಟೆಯಲ್ಲಿ ಮಿರ್ಚಿ ಮಂಡಕ್ಕಿ ತಿಂದಿದ್ದ. ಇವನ ಅಣ್ಣ ಯಾರೆಂದು ಕೇಳಿರಲಿಲ್ಲ.

"ಕೋರ್ಟಿನಾಗ ಸೈಕಲ್ ತಂದು ನಿಲ್ಸಿದ್ರಂತ. ಬಿಲ್ಲಿ ಕಿತ್ತುಹೋಗಿತ್ತು. ಲಾರಿಯಾಗೂ ಸಿಗಲಿಲ್ಲ, ರಸ್ತಿಯಾಗೂ ಸಿಗಲಿಲ್ಲ. ನಮ್ಮ ವಕೀಲ ಕೇಳ್ದ, ಎಲ್ಲಿ ಹೋತು ಅಂತ. ಯಾರೂ ಕಿವಿಗೆ ಹಾಕ್ಕಳ್ಳಿಲ್ಲ." ಸುಂಕಪ್ಪ ಬಿಲ್ಲೆಯನ್ನು ಅಂಗೈಯಲ್ಲಿ ಮುಚ್ಚಿದ. "ಅಣ್ಣಗ ಎರಡು ವರ್ಷ ಹಾಕಿದ್ರು. ಯಾವನೋ ಸರ್ವೇಯರ್ ಬಂದು ನೋಡಿ, ಲಾರಿ ಬಂಪರಿನಾಗಿರೋದು ಹೊಸ ಏಟು ಅಂತ ಬರ್ದನಂತ. ಅದೊಂದಽ ಸಾಕ್ಷಿ."

"ಅವನ ಹೆಸರು?" ಸಿದ್ದರಾಮೇಶ್ ಕೇಳಿದ.

"ನಾನಾಗ ಹೊಸಪೇಟಿ ಗ್ಯಾರೇಜಿನಾಗಿದ್ದೆ. ಅಣ್ಣ ಹೆಸರು ಹೇಳಲಿಲ್ಲ. ಹೇಳಂಗೂ ಇಲ್ಲ. ಅವ್ನು ಬ್ಯಾರೆ ಥರ ಆಗ್ಯಾನ್ರಿ." ಸುಂಕಪ್ಪ ಕಣ್ಣೊರೆಸಿಕೊಂಡ. "ಕೊಂದವ್ನು ತಾನಽ ಅಂತ ನಂಬಿಬಿಟ್ಟಾನ. ಸರ್ವೇಯರ್ ಸಾಹೇಬ್ರು ಓದಿದವ್ರು, ನೋಡಿ ಬರ್ದಾರ, ನನಗೇ ತೂಕಡಿಕಿ ಬಂದಿರ್ಬೇಕು ಅಂತಾನ. ಸ್ಟೇರಿಂಗ್ ಮುಟ್ಟಿ ಇಪ್ಪತ್ತು ವರ್ಷ ಆತು. ಜೀನ್ಸ್ ತೊಳಿಯೋ ಕೆಲ್ಸ ಮಾಡ್ತಾನ, ಕೈ ಎರಡೂ ನೀಲಿ ಆಗ್ಯಾವ. ಅಮಾಸಿ ಅಮಾಸಿಗೂ ಓಬಳಾಪುರಕ್ಕ ಹೋಗಿ ಚಿನ್ನಕ್ಕನ ಮನಿ ಮುಂದ ನಿಂದರ್ತಾನ. ಆಕಿ ಬಾಯಿಗೆ ಬಂದಂಗ ಬೈತಾಳ. ಬೈಸ್ಕಂಡು, ಸೌದಿ ಒಡ್ದು, ನೀರು ತುಂಬ್ಸಿಟ್ಟು ಬರ್ತಾನ."

ಆ ಸರ್ವೇಯರ್ ನಾನೇ ಎಂದು ಹೇಳಲು ಅದೇ ಸಮಯ. ಸಿದ್ದರಾಮೇಶ್ ಹೇಳಲಿಲ್ಲ.

"ನಾಳೆ ಮಡಕಶಿರಾಕ್ಕ ಹೋಗ್ತೀನಿ," ಎಂದ. "ಮುದ್ದಪ್ಪ ಸತ್ತು ಎಂಟು ವರ್ಷ ಆತು. ಹೆಂಡ್ತಿ ಮಂಜುಳಮ್ಮ ಅದಾರ. ಅವ್ರನ್ನ ಕೇಳಿ ಬರೋತನ ಯಾರಿಗೂ ಹೇಳಬ್ಯಾಡ. ಬಿಲ್ಲಿ ನನಗ ಕೊಡು."

ಸುಂಕಪ್ಪ ಬಿಲ್ಲೆಯನ್ನು ಅಂಗಿಯ ಜೇಬಿಗಿಟ್ಟು ಗುಂಡಿ ಹಾಕಿದ. "ಫೋಟೋ ತಕ್ಕಳ್ರಿ ಸಾರ್. ಬಿಲ್ಲಿ ನನ್ನ ಹತ್ರ ಇರ್ಲಿ."

ಮೊದಲ ಸಲ ಅವನು ಸಿದ್ದರಾಮೇಶನ ಮಾತು ಮೀರಿದ್ದ.

* * *

ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸುವವರೆಗೂ ಸಿದ್ದರಾಮೇಶನಿಗೆ ಕಿಟಕಿಯಾಚೆ ಏನಿದೆ ಎಂದು ಕಾಣಲಿಲ್ಲ. ಕಂಡದ್ದು ಒಂದೇ, ಆ ಲಾರಿ.

೨೦೦೪ರ ಏಪ್ರಿಲ್. ಪೊಲೀಸ್ ಸ್ಟೇಷನ್ನಿನ ಹಿಂದಿನ ಬಯಲು. ಅಂದು ಅವನಿಗೆ ಇನ್ನೂ ಮೂರು ಗಾಡಿ ನೋಡುವುದಿತ್ತು. ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಲಾರಿಯ ಬಂಪರಿನ ಎಡ ಮೂಲೆಯಲ್ಲಿ ಅಂಗೈಯಗಲದ ತಗ್ಗು. ತಗ್ಗಿನೊಳಗೆ ಕೆಂಪು.

ಹೊಸ ಏಟಾದರೆ ಒಳಗೆ ಲೋಹ ಬೆಳ್ಳಗೆ ಹೊಳೆಯುತ್ತದೆ. ಹಳೆಯದಾದರೆ ತುಕ್ಕು ಹಿಡಿದು ಕೆಂಪಾಗಿರುತ್ತದೆ. ಈ ಕೆಲಸಕ್ಕೆ ಬಂದವರು ಕಲಿಯುವ ಮೊದಲ ಪಾಠ ಅದು. ಆದರೆ ಅದಿರು ಹೊರುವ ಲಾರಿಯ ಮೈಯೆಲ್ಲ ಕೆಂಪೇ. ಟೈರು ಕೆಂಪು, ಟಾರ್ಪಾಲು ಕೆಂಪು, ಡ್ರೈವರನ ಕಣ್ಣರೆಪ್ಪೆ ಕೂಡ ಕೆಂಪು. ಅದಿರಿನ ದೂಳು ಕೂತಿದೆ, ಅದರ ಕೆಳಗೆ ಹೊಳಪಿರುತ್ತದೆ ಎಂದುಕೊಂಡ. ಬೆರಳು ಆಡಿಸಿದ್ದರೆ ಗೊತ್ತಾಗುತ್ತಿತ್ತು. ದೂಳಾದರೆ ಬೆರಳಿಗೆ ಅಂಟುತ್ತಿತ್ತು, ತುಕ್ಕಾದರೆ ಅಲ್ಲೇ ಉಳಿಯುತ್ತಿತ್ತು.

ಬೆರಳು ಆಡಿಸಲಿಲ್ಲ. 'ಹೊಸ ಏಟು' ಎಂದು ಬರೆದ. ಕೋರ್ಟಿನಲ್ಲೂ ಅದನ್ನೇ ಹೇಳಿದ. ಯಾರೂ ಅವನಿಗೆ ಲಂಚ ಕೊಟ್ಟಿರಲಿಲ್ಲ, ಯಾರೂ ಹೆದರಿಸಿರಲಿಲ್ಲ. ಕೊಟ್ಟಿದ್ದರೆ, ಹೆದರಿಸಿದ್ದರೆ, ಇವತ್ತು ಬೈದುಕೊಳ್ಳಲು ಇನ್ನೊಬ್ಬನಾದರೂ ಸಿಗುತ್ತಿದ್ದ.

ಮಡಕಶಿರಾ ತಲುಪಿದಾಗ ಹನ್ನೊಂದೂವರೆ. ಮುಚ್ಚಿದ ಮಿಲ್ಲಿನ ಪಕ್ಕದಲ್ಲೇ ಮನೆ. ಬಾಗಿಲು ತೆರೆದೇ ಇತ್ತು. ಮಂಜುಳಮ್ಮ ಎಪ್ಪತ್ತರ ಹತ್ತಿರದ ಹೆಂಗಸು, ಕುಳ್ಳಗೆ, ತೆಳ್ಳಗೆ, ಬೆನ್ನು ಮಾತ್ರ ನೆಟ್ಟಗೆ. ಅವನನ್ನು ನೋಡಿ ಆಶ್ಚರ್ಯಪಡಲಿಲ್ಲ.

"ಬನ್ನಿ, ಕೂತ್ಕಳಿ. ಕಾಪಿ ಮಾಡ್ಲಾ?"

"ಬೇಡಮ್ಮ." ಸಿದ್ದರಾಮೇಶ್ ಚೀಲದಿಂದ ತಗಡು ತೆಗೆದು ಮೇಜಿನ ಮೇಲಿಟ್ಟ.

ಆಕೆ ಕನ್ನಡಕ ಹಾಕಿಕೊಂಡು ಓದಿದಳು. "ನಮ್ಮ ಡಬ್ಬಿ."

"ಯಾರು ತೇಪೆ ಹಾಕಿದ್ದು?"

"ಮಿಲ್ಲಲ್ಲಿ ಡಬ್ಬಿ ಬೆಸೆಯೋನು ಒಬ್ನಿದ್ದ. ತೀರ್ಕಂಡ."

"ಹಾಕಿಸಿದ್ದು?"

"ನಮ್ಮೆಜಮಾನ್ರು."

ಅವನು ಫೋನಿನಲ್ಲಿ ಬಿಲ್ಲೆಯ ಫೋಟೋ ತೋರಿಸಿದ. ಆಕೆ ಅದನ್ನು ಬಹಳ ಹೊತ್ತು ನೋಡಿದಳು. ಹನ್ನೊಂದು ಎಂದು ತುಟಿಯಲ್ಲೇ ಹೇಳಿಕೊಂಡಳು.

"ಆ ಹುಡುಗಿಗೆ ಗುದ್ದಿದ್ದು ಲಾರಿ ಅಲ್ಲ," ಎಂದ ಸಿದ್ದರಾಮೇಶ್. "ನಿಮ್ಮ ಕಾರು."

"ಹೂಂ."

"ಓಡಿಸ್ತಿದ್ದದ್ದು ಮುದ್ದಪ್ಪನವರು."

ಮಂಜುಳಮ್ಮ ತಗಡನ್ನು ಮೆಲ್ಲಗೆ ಅವನ ಕಡೆಗೆ ಸರಿಸಿದಳು. "ಹಂಗೇ ಬರ್ಕಳಿ. ಸತ್ತೋರನ್ನ ಯಾರೂ ಜೈಲಿಗೆ ಹಾಕಲ್ಲ."

ಅದು ಸಲೀಸು ದಾರಿ. ಸತ್ತವನ ಹೆಸರು ಬರೆದರೆ ಓಬುಲೇಶನ ಮೇಲಿನ ಕಳಂಕ ಹೋಗುತ್ತದೆ. ಈ ಮುದುಕಿ ನೆಮ್ಮದಿಯಾಗಿರುತ್ತಾಳೆ. ಹಳೆಯ ವರದಿಯನ್ನು ಯಾರೂ ಕೆದಕುವುದಿಲ್ಲ. ಸಿದ್ದರಾಮೇಶ್ ಏಳಲು ಹೊರಟಿದ್ದ. ಆಗ ಗೋಡೆಯ ಮೇಲಿನ ಫೋಟೋ ಕಣ್ಣಿಗೆ ಬಿತ್ತು.

ಕರೋನಾದ ಪಕ್ಕದಲ್ಲಿ ಮುದ್ದಪ್ಪ ನಿಂತಿದ್ದ. ಕಾರಿನ ಚಾವಣಿ ಅವನ ಎದೆಗೂ ಬಂದಿರಲಿಲ್ಲ. ಆರಡಿ ಮೀರಿದ ಆಳು.

ಸಿದ್ದರಾಮೇಶ್ ಮತ್ತೆ ಕೂತ. ಇಪ್ಪತ್ತು ವರ್ಷದ ಹಿಂದೆ ಆಡಿಸದ ಬೆರಳನ್ನು ಈಗಲಾದರೂ ಆಡಿಸಬೇಕಿತ್ತು.

"ಅಮ್ಮಾ, ಆ ಅಪಘಾತ ಆದ ಮೇಲೆ ಕಾರನ್ನ ಯಾರಾದ್ರೂ ಓಡಿಸಿದ್ರಾ?"

"ಇಲ್ಲ. ತೇಪೆ ಹಾಕಿ ಅವತ್ತೇ ಗೋದಾಮಿಗೆ ತಳ್ಳಿದ್ರು. ಬೀಗ ಬಿತ್ತು."

"ಹಂಗಾದ್ರೆ ಸೀಟು ಯಾರೂ ಮುಟ್ಟಿಲ್ಲ. ನಾನು ಬಿಚ್ಚುವಾಗ ಡ್ರೈವರ್ ಸೀಟು ಪೂರಾ ಮುಂದಕ್ಕೆ ಎಳೆದು, ಹಾಗೇ ತುಕ್ಕು ಹಿಡಿದಿತ್ತು. ಇನ್ನೊಂದು ಹಲ್ಲು ಮುಂದಕ್ಕೆ ಹೋಗ್ತಿರಲಿಲ್ಲ. ಅಲ್ಲಿ ಇವರು ಕೂತ್ರೆ ಮೊಣಕಾಲು ಸ್ಟೇರಿಂಗಿಗೆ ಸಿಕ್ಕಿಕೊಳ್ತಿತ್ತು." ಅವನು ಆಕೆಯ ಕಾಲಿನ ಕಡೆ ನೋಡಿದ. ಕುರ್ಚಿಯಲ್ಲಿ ಕೂತಿದ್ದ ಮಂಜುಳಮ್ಮನ ಪಾದ ನೆಲಕ್ಕೆ ಅರ್ಧವಷ್ಟೇ ತಾಗಿತ್ತು. "ಓಡಿಸಿದ್ದು ನೀವು."

ಆಕೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಬೇಗ ಮುಗಿಯದ ಕೆಲಸವೊಂದು ಕೊನೆಗೂ ಮುಗಿದವರ ಹಾಗೆ ನಿಟ್ಟುಸಿರು ಬಿಟ್ಟಳು.

"ಬಳ್ಳಾರಿಯಾಗೆ ಅವ್ರಿಗೆ ಕಣ್ಣಾಪರೇಶನ್ ಆಗಿತ್ತು. ಒಂದು ಕಣ್ಣಿಗೆ ಬಟ್ಟೆ ಕಟ್ಟಿದ್ರು, ಇನ್ನೊಂದು ಮೊದ್ಲೇ ಮಂಜು. ಡ್ರೈವರು ಆವತ್ತೇ ಜರ ಬಂದು ಮಲಗಿದ್ದ. ನಂಗೆ ಅವ್ರೇ ಓಡ್ಸೋದು ಕಲಿಸಿದ್ರು. ಆಗ ಇಡೀ ಮಡಕಶಿರಾದಲ್ಲಿ ಕಾರು ಓಡ್ಸೋ ಹೆಂಗ್ಸು ನಾನೊಬ್ಳೇ. ಎಷ್ಟು ಜಂಬ ಅಂತೀರ."

"ಆಮೇಲೆ?"

"ಓಬಳಾಪುರದ ಹತ್ರ ಮುಂದೊಂದು ಅದಿರು ಲಾರಿ. ಅದು ಎಬ್ಬಿಸಿದ ಕೆಂದೂಳು, ಮುಂದೆ ರಸ್ತೆನೇ ಕಾಣ್ತಿರ್ಲಿಲ್ಲ. ಲಾರಿ ದಾಟಿ ಹೋಯ್ತು. ದೂಳೊಳಗೆ ಏನೋ ತಾಕ್ತು. ಏನದು ಅಂದ್ರು. ನಾಯಿ ಕಣ್ರೀ ಅಂದೆ."

ಹೊರಗೆ ಯಾರೋ ತರಕಾರಿ ಮಾರುತ್ತ ಹೋದರು.

"ನೋಡಿದ್ರಾ ಹಿಂದಕ್ಕೆ?"

"ಕನ್ನಡೀಲಿ ನೋಡ್ದೆ. ಸೈಕಲ್ ಚಕ್ರ ತಿರುಗ್ತಾ ಇತ್ತು. ನಿಲ್ಲಿಸ್ಲಿಲ್ಲ. ಮನೆಗಂಟ ಓಡಿಸ್ಕಂಡು ಬಂದೆ. ಇಳಿದ ಮೇಲೆ ಅವ್ರು ಕಾರಿನ ಮೈ ತಡವಿದ್ರು. ಕಣ್ಣಿಗೆ ಬಟ್ಟೆ ಕಟ್ಟಿತ್ತಲ್ಲ, ಕೈಯಲ್ಲೇ ನೋಡಿದ್ರು. ಬೆಳ್ಳಿ ಪಾತ್ರೆ ತಿಕ್ಕಿದಂಗೆ ತಿಕ್ಕಿ ತಿಕ್ಕಿ ನೋಡಿದ್ರು. ನಾಯಿ ಇಷ್ಟೆತ್ತರ ಇರಲ್ಲ ಮಂಜುಳಾ, ಅಂದ್ರು. ಅದೇ ಕೊನೆ. ಹನ್ನೆರಡು ವರ್ಷ ನನ್ನ ಕೈಲಿ ಅನ್ನ ಇಸ್ಕಂಡ್ರು, ನೀರು ಇಸ್ಕಂಡ್ರು. ಹೆಸರು ಹಿಡಿದು ಕರೀಲಿಲ್ಲ."

ಸಿದ್ದರಾಮೇಶನಿಗೆ ಕರುಣೆ ಬರಬೇಕಿತ್ತು. ಬಂದದ್ದು ಸಿಟ್ಟು. "ಒಬ್ಬ ನಿರಪರಾಧಿ ಜೈಲಲ್ಲಿ ಕೂತ. ಈಗಲೂ ಆ ತಾಯಿ ಮನೆ ಮುಂದೆ ಹೋಗಿ ಬೈಸ್ಕೊಳ್ತಾನೆ. ಪೊಲೀಸ್ ಸ್ಟೇಷನ್ ನಿಮ್ಮ ಮನೆಯಿಂದ ಎಷ್ಟು ದೂರ ಅಮ್ಮಾ?"

"ಮುನ್ನೂರು ಹೆಜ್ಜೆ. ಎಣಿಸಿವ್ನಿ."

ಆಕೆ ಎದ್ದು ಒಳಗೆ ಹೋದಳು. ಬಂದಾಗ ಕೈಯಲ್ಲೊಂದು ಹಳದಿಯಾದ ಪೇಪರ್ ತುಂಡಿತ್ತು. ಮೇಜಿನ ಮೇಲಿಟ್ಟು ಒಂದು ಸಾಲಿನ ಮೇಲೆ ಬೆರಳಿಟ್ಟಳು. ಓಬುಲೇಶನಿಗೆ ಶಿಕ್ಷೆಯಾದ ಸುದ್ದಿ. ನಾಲ್ಕನೇ ಸಾಲಿನಲ್ಲಿ 'ಸರ್ವೇಯರ್ ಸಿದ್ದರಾಮೇಶ್ ಅವರ ಸಾಕ್ಷ್ಯ' ಎಂದಿತ್ತು.

ಸಿದ್ದರಾಮೇಶ್ ಆ ಸಾಲನ್ನು ಎರಡು ಸಲ ಓದಿದ.

"ಆ ಕಾರಿಗೆ ಹದಿನಾಲ್ಕು ಜನ ಬಂದು ಹೋದ್ರು," ಎಂದಳು ಮಂಜುಳಮ್ಮ. "ಯಾರ್ಗೂ ಕೊಡ್ಲಿಲ್ಲ. ಹೋದ ವರ್ಷ ಇಲ್ಲಿ ಯಾರದೋ ಸುಟ್ಟ ಟ್ರಾಕ್ಟರ್ ನೋಡಕ್ಕೆ ಬಂದಿದ್ರಲ್ಲ ನೀವು, ಗೋದಾಮಿನ ಸಂದೀಲಿ ಕಾರು ಕಂಡು ಬಾಗ್ಲು ತಟ್ಟಿದ್ರಿ. ಹೆಸರು ಹೇಳಿದ್ರಿ. ಕೆಲಸ ಹೇಳಿದ್ರಿ. ನಂಗೆ ಕೈಕಾಲು ತಣ್ಣಗಾಯ್ತು. ಇವ್ರೇ ಬಿಚ್ಚಿ ನೋಡ್ಲಿ, ಇವ್ರೇ ಬಂದು ಕೇಳ್ಲಿ, ಕೇಳಿದ ದಿನ ಹೇಳಣ ಅಂತ ಕೊಟ್ಟೆ. ಎಂಟು ತಿಂಗ್ಳು ತಗಂಡ್ರಿ."

"ನನ್ನನ್ನ ಪರೀಕ್ಷೆ ಮಾಡಿದ್ರಾ?"

"ಧೈರ್ಯ ಇಲ್ದೋಳು ಕಣಪ್ಪ ನಾನು. ಪರೀಕ್ಷೆ ಎಲ್ಲಿ ಮಾಡ್ಲಿ." ಆಕೆ ಅವನ ಕಣ್ಣನ್ನೇ ನೋಡಿದಳು. "ಆದ್ರೆ ಒಂದು ಕೇಳ್ತೀನಿ. ಲಾರಿ ಗುದ್ದಿರ್ಲಿಲ್ಲ. ಅದು ನಂಗೂ ನಮ್ಮೆಜಮಾನ್ರಿಗೂ ಮಾತ್ರ ಗೊತ್ತಿತ್ತು. ನೀವು ಹೆಂಗೆ ಹೊಸ ಏಟು ಕಂಡ್ರಿ?"

ಅವನು ಹೇಳಿದ. ಬಂಪರಿನ ತಗ್ಗು, ಒಳಗಿನ ಕೆಂಪು, ಆ ದಿನದ ಬಿಸಿಲು, ನೋಡಬೇಕಿದ್ದ ಇನ್ನೂ ಮೂರು ಗಾಡಿ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಇನ್ನೊಬ್ಬರ ಎದುರು ಅದನ್ನು ಬಾಯಿಬಿಟ್ಟು ಹೇಳಿದ. ಹೇಳಿದ ಮೇಲೂ ಹಗುರವಾಗಲಿಲ್ಲ.

"ನಾನು ಮುನ್ನೂರು ಹೆಜ್ಜೆ ನಡೀಲಿಲ್ಲ," ಎಂದಳು ಆಕೆ. "ನೀವು ಒಂದು ಬೆರಳು ಆಡಿಸ್ಲಿಲ್ಲ. ಯಾರು ದೊಡ್ಡ ಪಾಪಿ ಅಂತ ಲೆಕ್ಕ ಹಾಕಕ್ಕೆ ನನ್ನ ಕೈಲಾಗಲ್ಲ."

"ಬರೆದುಕೊಡಿ ಅಮ್ಮಾ. ನಡೆದದ್ದು ನಡೆದ ಹಾಗೆ. ಇವತ್ತೇ ಸ್ಟೇಷನ್ನಿಗೆ ಕೊಡೋಣ."

"ಕೊಡ್ತೀನಿ."

ಆಕೆ ಮೊಮ್ಮಕ್ಕಳ ನೋಟುಬುಕ್ಕೊಂದರಿಂದ ಎರಡು ಹಾಳೆ ಹರಿದಳು. ಒಂದನ್ನು ತನ್ನ ಮುಂದಿಟ್ಟುಕೊಂಡು, ಇನ್ನೊಂದನ್ನು ಅವನ ಮುಂದಿಟ್ಟಳು. ಅದರ ಮೇಲೆ ಪೆನ್ನು.

"ನೀವು ಮೊದ್ಲು ಬರೀರಿ. ನೀವು ಬರೆದಿದ್ದು ಸುಳ್ಳು ಅಂತ ನೀವೇ ಬರೆಯೋಗಂಟ, ನಾನು ಬರೆದ್ರೂ ಮುದುಕಿಗೆ ಅರುಳು ಮರುಳು ಅಂತಾರೆ. ನಮ್ಮ ಅಳಿಯನೇ ಹಂಗಂತ ಬರೆಸಿಕೊಡ್ತಾನೆ."

ಆಕೆಯ ಮಾತು ಸರಿಯಿತ್ತು. ಸಿದ್ದರಾಮೇಶ್ ಪೆನ್ನು ಎತ್ತಿಕೊಂಡ. ಲೈಸೆನ್ಸ್ ಹೋಗುತ್ತದೆ, ಕೋರ್ಟಿನ ಮೆಟ್ಟಿಲು ಮತ್ತೆ ಹತ್ತಬೇಕಾಗುತ್ತದೆ. ಅದಕ್ಕೆ ಅವನು ಅಂಜಲಿಲ್ಲ. ಸುಂಕಪ್ಪನ ಮುಖ ನೆನಪಾಗಿ ಕೈ ತಡೆಯಿತು. ನಿನ್ನೆ ಹೇಳಬಹುದಿತ್ತು. ನಿನ್ನೆ ಹೇಳಿದ್ದರೆ ಅದು ತಪ್ಪೊಪ್ಪಿಗೆ. ಇವತ್ತು ಬರೆದರೆ ಸಿಕ್ಕಿಬಿದ್ದವನ ಹೇಳಿಕೆ.

'ನಾನು' ಎಂದು ಬರೆದ. ಮುಂದಿನ ಪದ ಬರುವ ಮೊದಲೇ ಫೋನು ಬಡಿದುಕೊಂಡಿತು. ಸುಂಕಪ್ಪ.

"ಹೇಳಪ್ಪ."

ಆ ಕಡೆ ಜನರ ಗದ್ದಲ. ಆಮೇಲೆ ಸುಂಕಪ್ಪ ಕೇಳಿದ: "ಆ ಸರ್ವೇಯರ್ ನೀವಽ ಏನ್ರಿ?"

ಸಿದ್ದರಾಮೇಶ್ ಕಣ್ಣು ಮುಚ್ಚಿದ. "ಹೌದು."

"ರಾತ್ರಿ ಅಣ್ಣಗ ಬಿಲ್ಲಿ ತೋರ್ಸಿದೆ. ನಿಮ್ಮ ಹೆಸರು ಆಗ ಹೇಳ್ದ. ಎಂಟು ತಿಂಗ್ಳಿಂದ ಗೊತ್ತಿತ್ತಂತ ಅವ್ನಿಗೆ, ನಾ ಯಾರ ಹತ್ರ ಕೆಲ್ಸ ಮಾಡ್ತೀನಂತ. ಆ ಸಾಹೇಬ್ರು ಸುಳ್ಳು ಬರಿಯೋ ಪೈಕಿ ಅಲ್ಲ, ಕೆಲ್ಸ ಬಿಡಬ್ಯಾಡ ಅಂತ ನನಗಽ ಅಂದಿದ್ದ ಅವ್ನು. ನೀವು ನಿನ್ನಿ ನನ್ನ ಎದುರಿಗೆ ನಿಂತು..."

"ಸುಂಕಪ್ಪ, ನಾನು ಬಂದು ಕಾಲಿಗೆ ಬೀಳ್ತೀನಿ. ಅಣ್ಣ ಎಲ್ಲಿ ಅದಾನ?"

"ಅದನ್ನ ಹೇಳಾಕ ಫೋನ್ ಮಾಡೀನಿ. ಬೆಳಿಗ್ಗಿ ಓಬಳಾಪುರಕ್ಕ ಹೋಗಿ ಚಿನ್ನಕ್ಕನ್ನ ಷೆಡ್ಡಿಗೆ ಕರ್ಕಂಡು ಬಂದ. ಆಕಿ ಕೈಗೆ ಬಿಲ್ಲಿ ಕೊಟ್ಟ. ಆಕಿ ಅಳಲಿಲ್ಲ, ಏನೂ ಅನ್ನಲಿಲ್ಲ. ಸುಮ್ನ ಕಾರಿನ ಬಾಗ್ಲ ತಗದು ಒಳಗ ಕುಂತ್ಲು. ಮಡಕಶಿರಾಕ್ಕ ಕರ್ಕಂಡು ಹೋಗು, ಆ ಮನಿ ನೋಡ್ಬೇಕು ಅಂದ್ಲು. ಅಣ್ಣ ಸ್ಟೇರಿಂಗ್ ಮುಂದ ಕುಂತು ಚಾವಿ ತಿರುವಿಬಿಟ್ಟ ಸಾರ್!"

ಸಿದ್ದರಾಮೇಶ್ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು. ಮಂಜುಳಮ್ಮ ಅವನ ಮುಖವನ್ನೇ ನೋಡುತ್ತಿದ್ದಳು.

"ಎಷ್ಟೊತ್ತಾತು?"

"ಈಗ ಹತ್ತು ನಿಮಿಷ. ಕಲ್ಯಾಣದುರ್ಗದ ರಸ್ತಿ ಹಿಡ್ದಾರ. ಬೈಕ್ ತಗೊಂಡು ಹಿಂದ ಹೊಂಟೀನಿ, ಸಿಗಂಗಿಲ್ಲ ಅನ್ನಂಗ ಓಡಸ್ತಾನ."

"ಬ್ರೇಕು?"

"ನಾಲ್ಕೂ ಚಕ್ರದ ಬ್ರೇಕ್ ಸಿಲಿಂಡರ್ ಬಿಚ್ಚಿ ಮೇಜಿನ ಮ್ಯಾಲ ಇಟ್ಟೀನಲ್ರಿ. ಗಾಡಿಯಾಗ ಬ್ರೇಕಽ ಇಲ್ಲ."

"ಹೇಳಲಿಲ್ಲೇನೋ ಅವ್ನಿಗೆ?"

"ಗೇಟಿನ ತನಕ ಓಡಿ ಓಡಿ ಕೂಗಿ ಹೇಳ್ದೆ. ಅಣ್ಣಗ ಕೇಳಿಸ್ತೋ ಇಲ್ಲೋ ಗೊತ್ತಿಲ್ಲ. ಚಿನ್ನಕ್ಕಗ ಕೇಳಿಸ್ತು ಸಾರ್. ಆಕಿ ನನ್ನ ಕಡಿಗೆ ತಿರುಗಿ ನೋಡಿದ್ಲು. ಆಮ್ಯಾಲೆ ಕಿಟಕಿ ಗಾಜು ಏರಿಸ್ಕಂಡ್ಲು."